ಮೊದಲು ಮುಖ ಕಾಣಲಿ: ಡಿಜಿಟಲ್ ಪಾತ್ರಚಿತ್ರವನ್ನು ತಿದ್ದಿ ತೀಡುವ ಬಗೆ

ಚಿತ್ರ ಮುಗಿದಂತೆಯೇ ಕಾಣುತ್ತದೆ. ಗೆರೆ ಕೂತಿದೆ, ಬಣ್ಣ ತುಂಬಿಯಾಗಿದೆ, ಭುಜಕೀರ್ತಿಯ ಒಂದೊಂದು ಮಣಿಯನ್ನೂ ಬಿಡದೆ ಬರೆದದ್ದಾಗಿದೆ. ಆದರೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ ಪಾತ್ರ ಎದ್ದು ಬರುವುದಿಲ್ಲ. ಕಿರೀಟ ಕಾಣುತ್ತದೆ, ಎದೆಕಟ್ಟು ಕಾಣುತ್ತದೆ, ಸೀರೆಯ ಚೌಕುಳಿ ಕಾಣುತ್ತದೆ. ಮುಖ ಮಾತ್ರ ಇವುಗಳ ನಡುವೆ ಎಲ್ಲೋ ಕಳೆದುಹೋಗಿರುತ್ತದೆ.

ಕೆಲವು ವರ್ಷಗಳ ಹಿಂದೆ ಬಡಗುತಿಟ್ಟು ಯಕ್ಷಗಾನದ ಅಭಿಮನ್ಯು ವೇಷವನ್ನು ಪೆನ್ ಟ್ಯಾಬ್ಲೆಟ್‌ನಲ್ಲಿ ಬರೆಯಲು ಕೂತಾಗ ನನಗೆ ಆದದ್ದು ಇದೇ. ಚಿತ್ರ ಸಪ್ಪೆ ಎನಿಸಿದಾಗಲೆಲ್ಲ ಇನ್ನಷ್ಟು ಮಣಿ, ಇನ್ನಷ್ಟು ಹೊಳಪು, ಇನ್ನಷ್ಟು ಗೆರೆ ಸೇರಿಸುತ್ತಾ ಹೋದೆ. ಸೇರಿಸಿದಷ್ಟೂ ಮುಖ ಹಿಂದೆ ಸರಿಯಿತು. ಕೊನೆಗೆ ಅರ್ಧದಷ್ಟು ವಿವರವನ್ನು ನೆರಳಿಗೆ ತಳ್ಳಿದ ಮೇಲೆ ಹುಡುಗ ಅಭಿಮನ್ಯು ನನ್ನತ್ತ ನೋಡಿದ. ತಿದ್ದುವುದೆಂದರೆ ನೋಡುವವರ ಕಣ್ಣು ಮೊದಲು ಎಲ್ಲಿ ನಿಲ್ಲಬೇಕು, ಆಮೇಲೆ ಎಲ್ಲಿಗೆ ಹೋಗಬೇಕು, ಎಲ್ಲಿ ವಿಶ್ರಮಿಸಬೇಕು ಎಂದು ತೀರ್ಮಾನಿಸುವ ಕೆಲಸ ಎಂಬುದು ಆಗ ಮನದಟ್ಟಾಯಿತು. ಈ ಲೇಖನದ ಹಂತಗಳೆಲ್ಲ ಆ ಒಂದು ತೀರ್ಮಾನದ ಸುತ್ತ ನಡೆಯುತ್ತವೆ.

ಉದಾಹರಣೆಗಳನ್ನು ಕ್ರಿಟಾ ತಂತ್ರಾಂಶದಿಂದ ಕೊಟ್ಟಿದ್ದೇನೆ. ಅದು ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಫೋಟೊಶಾಪ್, ಪ್ರೊಕ್ರಿಯೇಟ್, ಕ್ಲಿಪ್ ಸ್ಟುಡಿಯೊ ಪೇಂಟ್, ಮೊಬೈಲ್‌ನ ಐಬಿಸ್ ಪೇಂಟ್ ಬಳಸುವವರಿಗೂ ವಿಧಾನ ಇದೇ. ಗುಂಡಿಗಳ ಜಾಗ ಮಾತ್ರ ಬೇರೆ.

ಫೈಲ್ ಹದಗೊಳಿಸಿ

ಅಚ್ಚಿಗೆ ಹೋಗುವ ಚಿತ್ರವಾದರೆ ಅಳತೆಯನ್ನು ಮೊದಲೇ ನೋಡಿಕೊಳ್ಳಿ. ಎ4 ಪುಟಕ್ಕೆ ಇಂಚಿಗೆ 300 ಚುಕ್ಕೆ ಬೇಕಾದರೆ ಕ್ಯಾನ್ವಾಸ್ 2480 × 3508 ಪಿಕ್ಸೆಲ್ ಇರಬೇಕು. ಸಣ್ಣ ಚಿತ್ರವನ್ನು ಕೊನೆಯಲ್ಲಿ ಹಿಗ್ಗಿಸಿದರೆ ಅಂಚುಗಳೆಲ್ಲ ಮಸುಕಾಗುತ್ತವೆ, ತಿದ್ದಿದ ಶ್ರಮವೂ ನೀರಿನಲ್ಲಿ ಹೋಮ ಮಾಡಿದಂತೆ. ಈ ಅಳತೆಯಲ್ಲಿ ಪೂರ್ತಿ ತುಂಬಿದ ಒಂದು ಪದರ (ಲೇಯರ್) ಸಾಮಾನ್ಯ 8 ಬಿಟ್ ಬಣ್ಣದಲ್ಲಿ ಸುಮಾರು 35 ಎಂಬಿ ಮೆಮೊರಿ ತಿನ್ನುತ್ತದೆ. ಐವತ್ತು ಪದರ ಪೇರಿಸಿ ಕಂಪ್ಯೂಟರ್ ತೆವಳುವಂತೆ ಮಾಡಿಕೊಳ್ಳುವ ಬದಲು ಕೆಲಸ ಮುಗಿದ ಪದರಗಳನ್ನು ಕೂಡಿಸುತ್ತಾ ಬನ್ನಿ.

ನಾನು ಪಾತ್ರವನ್ನು ಐದು ಗುಂಪಾಗಿ ಇಡುತ್ತೇನೆ: ಮುಖ ಮತ್ತು ಮೈ, ತಲೆಯುಡುಗೆ, ಬಟ್ಟೆ, ಆಭರಣ, ಹಿನ್ನೆಲೆ. ಪ್ರತಿ ಗುಂಪಿನ ಬುಡದಲ್ಲಿ ಅದರ ಆಕಾರ ತುಂಬಿದ ಒಂದು ಚಪ್ಪಟೆ ಬಣ್ಣದ ಪದರ. ಅದರ ಮೇಲಿನ ನೆರಳು, ಬೆಳಕು, ವಿನ್ಯಾಸಗಳೆಲ್ಲ ಆ ಆಕಾರದ ಗಡಿ ದಾಟದಂತೆ ಕಟ್ಟಿಹಾಕಬೇಕು. ಬೇರೆ ತಂತ್ರಾಂಶಗಳಲ್ಲಿ ಇದಕ್ಕೆ ಕ್ಲಿಪ್ಪಿಂಗ್ ಮಾಸ್ಕ್ ಎನ್ನುತ್ತಾರೆ. ಕ್ರಿಟಾದಲ್ಲಿ ಮೇಲಿನ ಪದರದ ಪಕ್ಕ ಕಾಣುವ ಆಲ್ಫಾ ಗುರುತನ್ನು ಒತ್ತಬೇಕು. ಪದರಗಳು ಒಂದೇ ಗುಂಪಿನೊಳಗೆ ಇದ್ದರೆ ಮಾತ್ರ ಅದು ಸರಿಯಾಗಿ ಕೆಲಸ ಮಾಡುತ್ತದೆ. ಕಂಟ್ರೋಲ್, ಶಿಫ್ಟ್, ಜಿ ಮೂರನ್ನೂ ಒಟ್ಟಿಗೆ ಒತ್ತಿದರೆ ಕ್ರಿಟಾ ತಾನೇ ಅಂಥ ಗುಂಪು ಮಾಡಿಕೊಡುತ್ತದೆ.

ಇನ್ನೊಂದು ಶಿಸ್ತು: ದೊಡ್ಡ ಬದಲಾವಣೆಗೆ ಮೊದಲು ಫೈಲನ್ನು ಹೊಸ ಸಂಖ್ಯೆ ಕೊಟ್ಟು ಉಳಿಸಿ. ಹಳೆಯದು ಭದ್ರವಾಗಿದೆ ಎಂದು ಗೊತ್ತಿದ್ದರೆ ಕೈ ಧೈರ್ಯವಾಗಿ ಅಳಿಸುತ್ತದೆ.

ಕನ್ನಡಿ ಹಿಡಿಯಿರಿ

ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆಯಲ್ಲಿ) ವೇಷಧಾರಿ ಕನ್ನಡಿ ಮುಂದಿಟ್ಟುಕೊಂಡು ತನ್ನ ಮುಖವನ್ನು ತಾನೇ ಬರೆದುಕೊಳ್ಳುತ್ತಾನೆ. ಹುಬ್ಬು ಒಂದು ಎಳೆ ಮೇಲಾದರೂ ಕನ್ನಡಿ ಹೇಳಿಬಿಡುತ್ತದೆ. ನಮ್ಮ ಚಿತ್ರಕ್ಕೂ ಇದೇ ಪರೀಕ್ಷೆ. ಗಂಟೆಗಟ್ಟಲೆ ಒಂದೇ ಚಿತ್ರ ನೋಡಿದ ಕಣ್ಣು ಅದರ ಸೊಟ್ಟಕ್ಕೆ ಒಗ್ಗಿಹೋಗಿರುತ್ತದೆ. ಎಡ ಬಲ ತಿರುಗಿಸಿದ ತಕ್ಷಣ ಆ ಸೊಟ್ಟ ಎದ್ದು ಹೊಡೆಯುತ್ತದೆ. ಕ್ರಿಟಾದಲ್ಲಿ ಎಮ್ ಕೀಲಿ ಒತ್ತಿದರೆ ನೋಟ ಕನ್ನಡಿಯಂತೆ ತಿರುಗುತ್ತದೆ, ಮತ್ತೆ ಒತ್ತಿದರೆ ಮೊದಲಿನಂತಾಗುತ್ತದೆ. ಚಿತ್ರಕ್ಕೆ ಏನೂ ಆಗುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಒತ್ತುವ ಅಭ್ಯಾಸ ಇರಲಿ.

ನನ್ನ ಅಭಿಮನ್ಯುವನ್ನು ತಿರುಗಿಸಿದಾಗ ಎರಡು ತಪ್ಪು ಸಿಕ್ಕವು. ದೂರದ ಕಣ್ಣು ಹತ್ತಿರದ ಕಣ್ಣಿಗಿಂತ ಕೆಳಗಿತ್ತು. ಕೇದಗೆ ಮುಂದಲೆ ಎಂಬ ತಲೆಯುಡುಗೆ ತಲೆಯ ಮೇಲೆ ಕೂತಿರಲಿಲ್ಲ, ತಲೆಯ ಹಿಂದೆ ಅಂಟಿಸಿದಂತಿತ್ತು. ಇಂಥ ಸಣ್ಣ ಸರಿಸುವಿಕೆಗೆ ಮತ್ತೆ ಬರೆಯಬೇಕಾಗಿಲ್ಲ. ಬೇಕಾದ ಭಾಗವನ್ನು ಆಯ್ದು ಟ್ರಾನ್ಸ್‌ಫಾರ್ಮ್ ಉಪಕರಣದ ಲಿಕ್ವಿಫೈ ವಿಧಾನದಲ್ಲಿ ದೊಡ್ಡ ಕುಂಚದಿಂದ ಮೆಲ್ಲಗೆ ತಳ್ಳಿದರೆ ಸಾಕು. ಸಣ್ಣ ಕುಂಚದಿಂದ ತಳ್ಳಿದರೆ ಗೆರೆ ಅಲೆಯಲೆಯಾಗುತ್ತದೆ.

ಎರಡನೆಯ ಪರೀಕ್ಷೆ, ಚಿತ್ರವನ್ನು ಅಂಚೆಚೀಟಿಯಷ್ಟು ಚಿಕ್ಕದಾಗಿ ನೋಡುವುದು. ಕ್ರಿಟಾದ ವಿಂಡೊ ಮೆನುವಿನಲ್ಲಿ ಅದೇ ಚಿತ್ರಕ್ಕೆ ಇನ್ನೊಂದು ನೋಟ ತೆರೆಯಬಹುದು. ಅದನ್ನು ಮೂಲೆಯಲ್ಲಿ ಚಿಕ್ಕದಾಗಿ ಇಟ್ಟುಕೊಂಡು, ದೊಡ್ಡದರಲ್ಲಿ ಕೆಲಸ ಮಾಡಿ. ಚಿಕ್ಕದರಲ್ಲಿ ಭಂಗಿ ತಿಳಿಯದಿದ್ದರೆ, ಯಾರು ಯಾವ ಕಡೆ ನೋಡುತ್ತಿದ್ದಾರೆ ಎಂದು ಗೊತ್ತಾಗದಿದ್ದರೆ, ಬಣ್ಣದ ಕೆಲಸಕ್ಕೆ ಇನ್ನೂ ಹೊತ್ತಾಗಿಲ್ಲ ಎಂದರ್ಥ.

ಕಪ್ಪು ಬಿಳುಪಿನಲ್ಲೂ ನಿಲ್ಲಬೇಕು

ಚಿತ್ರ ಸಪ್ಪೆಯಾಗಲು ಹತ್ತರಲ್ಲಿ ಎಂಟು ಸಲ ಕಾರಣ ಬಣ್ಣವಲ್ಲ, ತಿಳಿ ಮತ್ತು ಗಾಢದ ಲೆಕ್ಕ ತಪ್ಪಿರುವುದು ಎಂಬುದು ನನ್ನ ಅನುಭವ. ಇದನ್ನು ಪರೀಕ್ಷಿಸಲು ಎಲ್ಲಕ್ಕಿಂತ ಮೇಲೆ ಒಂದು ಹೊಸ ಪದರ ತೆರೆದು ಕಪ್ಪು ತುಂಬಿ, ಅದರ ಬೆರೆಯುವ ವಿಧಾನವನ್ನು 'ಕಲರ್' ಎಂದು ಬದಲಿಸಿ. ಚಿತ್ರವೆಲ್ಲ ಬೂದು ಛಾಯೆಗಳಾಗಿ ಕಾಣುತ್ತದೆ. ಆ ಪದರದ ಕಣ್ಣು ಗುರುತನ್ನು ಮುಚ್ಚಿದರೆ ಬಣ್ಣ ಮರಳಿ ಬರುತ್ತದೆ.

ಬಣ್ಣದ ಚಕ್ರದಲ್ಲಿ ಕಾಣುವ ಅಂಕಿಯನ್ನು ನಂಬಿ ತಿಳಿ ಗಾಢ ಅಳೆಯಬೇಡಿ. ಅಚ್ಚ ಹಳದಿಗೂ ಅಚ್ಚ ನೀಲಿಗೂ ಅಲ್ಲಿ ವ್ಯಾಲ್ಯೂ 100 ಎಂದೇ ಇರುತ್ತದೆ. ಆದರೆ ಬೂದುಛಾಯೆಗೆ ತಂದಾಗ ಹಳದಿ ಬಿಳಿಯ ಹತ್ತಿರ, ನೀಲಿ ಕಪ್ಪಿನ ಹತ್ತಿರ ಹೋಗಿ ನಿಲ್ಲುತ್ತದೆ. ಪರದೆಯ ಮೇಲೆ ನಮ್ಮ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಹಸಿರಿನ ಪಾಲು ಸುಮಾರು ಶೇ 72, ಕೆಂಪಿನದು ಶೇ 21, ನೀಲಿಯದು ಬರೀ ಶೇ 7. ಹಳದಿಯಲ್ಲಿ ಕೆಂಪು ಹಸಿರು ಎರಡೂ ಕೂಡಿರುವುದರಿಂದ ಅದು ಅಷ್ಟು ಬೆಳಗುತ್ತದೆ.

ಯಕ್ಷಗಾನದ ವೇಷದಲ್ಲಿ ಈ ತೊಡಕು ಜೋರಾಗಿಯೇ ಎದುರಾಗುತ್ತದೆ. ಬೇಗಡೆ (ಹೊಳೆಯುವ ತೆಳು ಹಾಳೆ) ಹಚ್ಚಿದ ಆಭರಣ ಹಳದಿ, ಮುಖದ ಬಣ್ಣವೂ ಹಳದಿ ಬೆರೆತ ಕೆಂಪು. ನನ್ನ ಚಿತ್ರವನ್ನು ಬೂದುಛಾಯೆಯಲ್ಲಿ ನೋಡಿದಾಗ ಮುಖ, ಎದೆಕಟ್ಟು, ಭುಜಕೀರ್ತಿ ಮೂರೂ ಒಂದೇ ತಿಳಿಬೂದು ಮುದ್ದೆಯಾಗಿದ್ದವು. ಆಗ ಇಡೀ ಚಿತ್ರಕ್ಕೆ ಮೂರೇ ಮೆಟ್ಟಿಲು ಗೊತ್ತುಮಾಡಿಕೊಂಡೆ. ತಿಳಿ, ಮುಖಕ್ಕೆ ಮತ್ತು ಬಿಲ್ಲು ಹಿಡಿದ ಕೈಗೆ. ನಡುವಿನದು, ಆಭರಣ ಮತ್ತು ಬಟ್ಟೆಗೆ. ಗಾಢ, ತಲೆಯ ಕಟ್ಟು ಮತ್ತು ಹಿನ್ನೆಲೆಗೆ. ಪ್ರತಿ ಮೆಟ್ಟಿಲೊಳಗೆ ಎಷ್ಟು ಬೇಕಾದರೂ ಬಣ್ಣ ಆಡಬಹುದು, ಮೆಟ್ಟಿಲು ದಾಟಬಾರದು. ಆಭರಣದ ಗುಂಪನ್ನು ಒಂದೇ ಒಂದು ಕರ್ವ್ಸ್ ಹೊಂದಿಕೆಯಿಂದ ಕೆಳಗಿಳಿಸಿದ ಕ್ಷಣ ಮುಖ ಮುಂದೆ ಬಂತು. ಹೊಸದಾಗಿ ಒಂದು ಗೆರೆಯನ್ನೂ ಎಳೆದಿರಲಿಲ್ಲ.

ಇಂಥ ಹೊಂದಿಕೆಯನ್ನು ನೇರವಾಗಿ ಬಣ್ಣದ ಮೇಲೆ ಮಾಡದೆ ಫಿಲ್ಟರ್ ಪದರವಾಗಿ ಇಟ್ಟುಕೊಳ್ಳಿ. ನಾಳೆ ಮನಸ್ಸು ಬದಲಾದರೆ ತಿರುಗಿ ಹೊಂದಿಸಬಹುದು.

ದೊಂದಿ ಎಲ್ಲಿದೆ?

ಬೆಳಕು ಎಲ್ಲಿಂದ ಬರುತ್ತಿದೆ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇಲ್ಲದಿದ್ದರೆ ನೆರಳು ಬಳಿಯಲು ಹೋಗಬೇಡಿ. ನಾನು ಅಭಿಮನ್ಯುವಿಗೆ ಆರಿಸಿದ್ದು ದೊಂದಿಯ ಬೆಳಕು. ವಿದ್ಯುತ್ ಬರುವ ಮೊದಲು ಯಕ್ಷಗಾನದ ಆಟ ನಡೆಯುತ್ತಿದ್ದದ್ದು ಎಣ್ಣೆಯ ದೊಂದಿಗಳ ಎದುರು. ಗ್ಯಾಸ್‌ಲೈಟ್ ಬಂದದ್ದು ಆಮೇಲೆ. ದೊಂದಿಯ ಬೆಳಕು ಪಕ್ಕದಿಂದ ಬರುತ್ತದೆ, ಕೇಸರಿ ಬೆರೆತ ಹಳದಿಯಾಗಿರುತ್ತದೆ, ಬೇಗ ಸೋರಿಹೋಗುತ್ತದೆ. ಸಣ್ಣ ಉರಿಯಿಂದ ದೂರ ಎರಡರಷ್ಟಾದರೆ ಬೆಳಕು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಹೀಗಾಗಿ ದೊಂದಿಯ ಕಡೆಯ ಕೆನ್ನೆ ಬೆಳಗಿದರೆ ಆಚೆ ಭುಜ ಮಂಕಾಗಲೇಬೇಕು. ಇಡೀ ಮೈಗೆ ಸಮನಾಗಿ ಬೆಳಕು ಬಳಿದರೆ ಅದು ಸ್ಟುಡಿಯೊ ಫೋಟೊ ಆಗುತ್ತದೆಯೇ ಹೊರತು ರಂಗಸ್ಥಳವಾಗುವುದಿಲ್ಲ.

ದೀಪದ ಬೆಳಕು ಮೈಮೇಲೆ ಹೇಗೆ ಕೂರುತ್ತದೆ ಎಂದು ತಿಳಿಯಲು ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿ ಎಸ್.ಎಲ್. ಹಳದಣಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ರವಿವರ್ಮನದೆಂದು ಹಲವರು ತಪ್ಪಾಗಿ ಹೇಳುವ ಆ ಜಲವರ್ಣ ಚಿತ್ರದಲ್ಲಿ ದೀಪಕ್ಕೆ ಅಡ್ಡ ಹಿಡಿದ ಬೆರಳುಗಳು ಕೆಂಪಗೆ ಬೆಳಗುತ್ತವೆ. ಚರ್ಮದೊಳಗೆ ಹೊಕ್ಕ ಬೆಳಕು ರಕ್ತದ ಬಣ್ಣ ಹೊತ್ತು ಹೊರಬರುವುದು ಅದಕ್ಕೆ ಕಾರಣ. ಕಿವಿಯ ಅಂಚು, ಮೂಗಿನ ಹೊಳ್ಳೆ, ಬೆರಳ ಸಂದಿ ಇಲ್ಲೆಲ್ಲ ನೆರಳಿಗೆ ಬೂದು ಹಾಕದೆ ಬೆಚ್ಚಗಿನ ಕೆಂಪು ಹಾಕಿದರೆ ಮೈಗೆ ಜೀವ ಬರುತ್ತದೆ.

ಈಗ ಕೆಲಸದ ಕ್ರಮ:

1. ಪಾತ್ರದ ಇಡೀ ಗುಂಪಿನ ಮೇಲೆ ಕ್ಲಿಪ್ ಮಾಡಿದ ಹೊಸ ಪದರ ತೆರೆದು 'ಮಲ್ಟಿಪ್ಲೈ' ವಿಧಾನಕ್ಕೆ ಹಾಕಿ. ಈ ವಿಧಾನ ಎರಡು ಪದರಗಳ ಬೆಲೆಯನ್ನು ಗುಣಿಸುತ್ತದೆ. 0.8 ಬೆಲೆಯ ಬಣ್ಣದ ಮೇಲೆ 0.5 ಬಿದ್ದರೆ 0.4 ಆಗುತ್ತದೆ. ಆದ್ದರಿಂದ ಇದು ಗಾಢ ಮಾಡಬಲ್ಲದು, ತಿಳಿ ಮಾಡಲಾರದು. ಬಿಳಿ ಬಳಿದ ಕಡೆ ಏನೂ ಬದಲಾಗುವುದಿಲ್ಲ.

2. ನೆರಳಿನ ಬಣ್ಣವಾಗಿ ಬೂದು ಅಥವಾ ಕಪ್ಪು ಆರಿಸಬೇಡಿ, ಮೈಯೆಲ್ಲ ಮಸಿ ಮೆತ್ತಿದಂತಾಗುತ್ತದೆ. ಬೆಳಕು ಬೆಚ್ಚಗಿದ್ದರೆ ನೆರಳು ತಣ್ಣಗಿರಲಿ. ದೊಂದಿಯ ಬೆಳಕಿಗೆ ನಾನು ಹಾಕಿದ್ದು ಸಪ್ಪೆ ನೇರಳೆ.

3. ಮೊದಲು ನೆರಳನ್ನು ಗಟ್ಟಿ ಅಂಚಿನ ಕುಂಚದಿಂದ, ಒಂದೇ ಬಣ್ಣದಲ್ಲಿ, ಕತ್ತರಿಸಿದ ಕಾಗದದಂತೆ ಇಡಿ. ಆಕಾರ ಸರಿ ಎನಿಸಿದ ಮೇಲೆ ಉರುಟಾದ ಕಡೆ ಮಾತ್ರ ಅಂಚನ್ನು ಕರಗಿಸಿ. ಮೊದಲೇ ಏರ್‌ಬ್ರಷ್ ಹಿಡಿದರೆ ಮುಖ ಬಲೂನಿನಂತೆ ಊದಿಕೊಳ್ಳುತ್ತದೆ.

4. ಎರಡು ವಸ್ತು ತಾಗುವ ಕಡೆ ಸಣ್ಣ, ಗಾಢ ನೆರಳು ಕೊಡಿ. ತಲೆಯುಡುಗೆ ಹಣೆಗೆ ಒತ್ತುವಲ್ಲಿ, ಗಲ್ಲದ ಕೆಳಗೆ, ಎದೆಕಟ್ಟಿನ ಅಡಿಯಲ್ಲಿ, ಸೊಂಟದ ಡಾಬು ಬಿಗಿದಲ್ಲಿ. ಆಭರಣ ಚಿತ್ರಕ್ಕೆ ಅಂಟಿಸಿದಂತೆ ಕಾಣದೆ ಮೈಮೇಲೆ ಭಾರವಾಗಿ ಕೂತಂತೆ ಕಾಣುವುದು ಈ ಒಂದು ಗೆರೆಯಿಂದ.

5. ಮೈಯ ಮೇಲೆ ಬೆಳಕು ನೆರಳಿಗೆ ತಿರುಗುವ ಗಡಿಯುದ್ದಕ್ಕೂ ಕೆಂಪು ಮಿಶ್ರಿತ ಕಿತ್ತಳೆಯ ತೆಳು ಪಟ್ಟಿ ಎಳೆದು ಬೆರೆಸಿ.

6. ನೆರಳಿನ ಭಾಗದ ಹೊರ ಅಂಚಿಗೆ ಮರುಬೆಳಕು ಕೊಡಿ. ಅದು ಎಷ್ಟೇ ಚೆಂದವಿದ್ದರೂ ಬೆಳಕಿನ ಭಾಗದ ಅತಿ ಗಾಢ ಛಾಯೆಗಿಂತಲೂ ಗಾಢವಾಗಿಯೇ ಇರಬೇಕು. ಇಲ್ಲವಾದರೆ ಬೆಳಕಿನ ದಿಕ್ಕೇ ಗೊಂದಲವಾಗುತ್ತದೆ.

ಅಂಚಿನಲ್ಲಿ ಇರುವ ಗುಟ್ಟು

ಹೊಸಬರ ಡಿಜಿಟಲ್ ಚಿತ್ರಗಳಲ್ಲಿ ಎಲ್ಲ ಅಂಚುಗಳೂ ಒಂದೇ ಹದದಲ್ಲಿರುತ್ತವೆ. ಒಂದೋ ಎಲ್ಲವೂ ಚೂಪು, ಇಲ್ಲವೇ ಎಲ್ಲವೂ ಹಬೆ. ಅಂಚುಗಳನ್ನು ಮೂರು ಬಗೆಯಾಗಿ ನೋಡಲು ಕಲಿಯಿರಿ. ಗಟ್ಟಿ ಅಂಚು: ಬೀಳುನೆರಳು, ಲೋಹ, ಕಣ್ಣಿನ ರೆಪ್ಪೆ. ಮೃದು ಅಂಚು: ಕೆನ್ನೆ, ತೋಳು, ಹತ್ತಿ ಬಟ್ಟೆಯ ಮಡಿಕೆ. ಕಳೆದುಹೋದ ಅಂಚು: ಗಾಢ ತಲೆಯುಡುಗೆ ಗಾಢ ಹಿನ್ನೆಲೆಯಲ್ಲಿ ಸೇರಿಹೋಗಿ, ಗಡಿ ಎಲ್ಲಿದೆ ಎಂದೇ ತಿಳಿಯದ ಜಾಗ.

ಈ ಮೂರನೆಯದನ್ನು ಬಿಡಲು ಮನಸ್ಸು ಒಪ್ಪುವುದಿಲ್ಲ. ಅಷ್ಟು ಕಷ್ಟಪಟ್ಟು ಬರೆದ ಮುಂದಲೆಯ ಹಿಂಬದಿಯನ್ನು ಕತ್ತಲಿಗೆ ಬಿಡುವುದೇ? ಬಿಡಿ. ಕೇದಗೆಯ ಎಸಳಿನ ಆಕಾರ ಬೆಳಕಿನ ಕಡೆ ಸ್ಪಷ್ಟವಾಗಿದ್ದರೆ ನೋಡುವವರ ಮನಸ್ಸು ಉಳಿದರ್ಧವನ್ನು ತಾನೇ ಬರೆದುಕೊಳ್ಳುತ್ತದೆ. ಅತಿ ಗಟ್ಟಿ ಅಂಚು, ಅತಿ ಹೆಚ್ಚು ತಿಳಿ ಗಾಢದ ಅಂತರ ಎರಡನ್ನೂ ಮುಖಕ್ಕೆ ಮೀಸಲಿಡಿ.

ಅಭ್ಯಾಸಕ್ಕೆ ಒಂದು ದಾರಿ ಹೇಳುತ್ತೇನೆ. ಕಲಬುರಗಿಯಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ (1916–1993) ಅವರ ಪೌರಾಣಿಕ ಪಾತ್ರಗಳ ಚಿತ್ರವೊಂದನ್ನು ತೆರೆದು, ಅದರ ಮೇಲೆ ಖಾಲಿ ಪದರ ಇಟ್ಟು, ಗಟ್ಟಿ ಅಂಚಿಗೆ ಕೆಂಪು, ಮೃದುವಿಗೆ ಹಸಿರು, ಕಳೆದುಹೋದದ್ದಕ್ಕೆ ನೀಲಿ ಗೆರೆ ಎಳೆಯಿರಿ. ಮೂಲ ಚಿತ್ರವನ್ನು ಮುಚ್ಚಿ ಗೆರೆಗಳನ್ನಷ್ಟೇ ನೋಡಿ. ಆಮೇಲೆ ನಿಮ್ಮ ಚಿತ್ರಕ್ಕೂ ಅದನ್ನೇ ಮಾಡಿ. ಎರಡನ್ನೂ ಪಕ್ಕದಲ್ಲಿಟ್ಟಾಗ ಯಾವ ಗುರುವೂ ಮಾತಿನಲ್ಲಿ ಹೇಳಲಾಗದ ಪಾಠ ಕಣ್ಣಿಗೇ ಸಿಗುತ್ತದೆ.

ಮೈ ಬೇರೆ, ಬಟ್ಟೆ ಬೇರೆ, ಬೇಗಡೆ ಬೇರೆ

ಒಂದೇ ಕುಂಚದಿಂದ ಒಂದೇ ರೀತಿ ಎಲ್ಲಕ್ಕೂ ಹೊಳಪು ಹಾಕಿದರೆ ಪಾತ್ರವಿಡೀ ಪ್ಲಾಸ್ಟಿಕ್ ಬೊಂಬೆಯಾಗುತ್ತದೆ. ವಸ್ತುವಿನಿಂದ ವಸ್ತುವಿಗೆ ಬೆಳಕು ನಡೆದುಕೊಳ್ಳುವ ಬಗೆ ಬೇರೆ.

ಬೇಗಡೆ, ಲೋಹ, ಕನ್ನಡಿ ಚೂರು ಇವುಗಳಲ್ಲಿ ಅತಿ ಗಾಢ ಮತ್ತು ಅತಿ ತಿಳಿ ಅಕ್ಕಪಕ್ಕದಲ್ಲೇ ಕೂರುತ್ತವೆ. ನಡುವಿನ ಛಾಯೆ ಕಡಿಮೆ. ಚಿನ್ನದ ಬಣ್ಣ ತರಲು ಹೊಳೆಯುವ ಹಳದಿ ಹುಡುಕಬೇಡಿ. ಕಂದು, ಕಾವಿ, ಮಂಕು ಹಳದಿಗಳಿಂದ ಮುಕ್ಕಾಲು ಭಾಗ ಮುಗಿಸಿ, ಕೊನೆಗೆ ಚೂಪು ಅಂಚಿನ ತಿಳಿ ಹಳದಿಯ ನಾಲ್ಕು ಚುಕ್ಕೆ ಇಡಿ. ಹೊಳೆಯುವುದು ಚುಕ್ಕೆಯಿಂದಲ್ಲ, ಅದರ ಸುತ್ತಲಿನ ಕಂದಿನಿಂದ. ಭುಜಕೀರ್ತಿಯಲ್ಲಿ ನಲವತ್ತು ಮಣಿ ಇದ್ದರೆ ದೊಂದಿಯ ಕಡೆಯ ಏಳೆಂಟಕ್ಕೆ ಪೂರ್ತಿ ಆಕಾರ ಕೊಡಿ, ಮುಂದಿನ ಹತ್ತಕ್ಕೆ ಬರೀ ನೆರಳಿನ ಗುರುತು, ಉಳಿದವು ಒಂದು ಪಟ್ಟಿಯಾಗಿ ಕರಗಲಿ.

ಕಸೆ ಸೀರೆಯ ಚೌಕುಳಿ ಇನ್ನೊಂದು ಬಲೆ. ಚೌಕಗಳನ್ನು ನೇರವಾಗಿ ಗೀಟು ಹಾಕಿ ತುಂಬಿದರೆ ಕಾಲು ಚಪ್ಪಟೆಯಾಗುತ್ತದೆ. ಚೌಕುಳಿಯನ್ನು ಬೇರೆ ಪದರದಲ್ಲಿ ಬರೆದು, ಟ್ರಾನ್ಸ್‌ಫಾರ್ಮ್‌ನ ವಾರ್ಪ್ ವಿಧಾನದಿಂದ ತೊಡೆಯ ಉರುಟಿಗೆ ತಕ್ಕಂತೆ ಬಗ್ಗಿಸಿ. ಮಡಿಕೆ ಬಿದ್ದಲ್ಲಿ ಚೌಕ ಅರ್ಧಕ್ಕೇ ಮಾಯವಾಗಬೇಕು, ಮಡಿಕೆಯ ಆಚೆ ಬೇರೆ ಕಡೆಯಿಂದ ಶುರುವಾಗಬೇಕು. ನೆರಳಿನ ಪದರ ಯಾವಾಗಲೂ ಚೌಕುಳಿಯ ಮೇಲಿರಲಿ. ಆಗ ವಿನ್ಯಾಸವೂ ನೆರಳಿನಲ್ಲಿ ಮುಳುಗುತ್ತದೆ. ದೂರದ ಕಾಲಿನ ಚೌಕುಳಿಯ ಪಾರದರ್ಶಕತೆ ಸ್ವಲ್ಪ ಹೆಚ್ಚಿಸಿದರೆ ಅದು ತಾನಾಗಿ ಹಿಂದೆ ಸರಿಯುತ್ತದೆ.

ಹತ್ತಿ ಬಟ್ಟೆಗೆ ಚೂಪಾದ ಹೊಳಪು ಬೇಡವೇ ಬೇಡ. ರೇಷ್ಮೆಗೆ ಮಡಿಕೆಯ ಏರಿನುದ್ದಕ್ಕೂ ಹರಿಯುವ ಉದ್ದನೆಯ ಹೊಳಪು ಬೇಕು. ಕೂದಲನ್ನು ಎಳೆ ಎಳೆಯಾಗಿ ಬರೆಯದೆ ಮೊದಲು ಒಂದು ಮುದ್ದೆಯಾಗಿ, ಆಮೇಲೆ ನಾಲ್ಕೈದು ಗೊಂಚಲಾಗಿ ನೋಡಿ, ಕೊನೆಗೆ ಅಂಚಿನಲ್ಲಿ ಮಾತ್ರ ಹತ್ತಿಪ್ಪತ್ತು ಎಳೆ ಬಿಡಿಸಿ.

ಮುಖದ ಹತ್ತಿರ ಹೋಗಿ

ಇಷ್ಟು ಆದ ಮೇಲೆ ಮುಖಕ್ಕೆ ಬನ್ನಿ. ವಿವರಗಳ ಖಜಾನೆಯನ್ನು ಖರ್ಚು ಮಾಡಬೇಕಾದ ಜಾಗ ಇದೊಂದೇ.

ವೇಷದ ಮುಖ ಬರೀ ಚರ್ಮವಲ್ಲ ಎಂಬುದು ನೆನಪಿರಲಿ. ಸಫೇದ, ಅರದಾಳ, ಇಂಗಳೀಕ ಸೇರಿಸಿ ಬಳಿಯುತ್ತಿದ್ದ ಬಣ್ಣದ ಪೂಸು ಅದು. ಅಂಥ ಪೂಸಿನ ಮೇಲೆ ಬೆಳಕು ಹರಡಿ ನಿಲ್ಲುತ್ತದೆ, ಚರ್ಮದಂತೆ ಒಳಗಿನಿಂದ ಕೆಂಪಗೆ ಬೆಳಗುವುದಿಲ್ಲ. ಬಣ್ಣ ಹಚ್ಚದ ಕೈ, ಕಿವಿಯ ಹಿಂಬದಿ, ಕುತ್ತಿಗೆಯ ಮಡಿಕೆ ಇವು ನಿಜವಾದ ಮೈ. ಎರಡಕ್ಕೂ ಇರುವ ಈ ವ್ಯತ್ಯಾಸವನ್ನು ಹಿಡಿದರೆ ನೋಡುವವರಿಗೆ ಕಾರಣ ತಿಳಿಯದೆಯೂ 'ಇದು ವೇಷ, ಒಳಗೊಬ್ಬ ಮನುಷ್ಯನಿದ್ದಾನೆ' ಎಂದು ಅನಿಸುತ್ತದೆ. ಬಣ್ಣವಿಲ್ಲದ ಮುಖ ಬರೆಯುವವರು ಮೂರು ವಲಯ ನೋಡಿಕೊಳ್ಳಿ: ಹಣೆಯಲ್ಲಿ ತುಸು ಹಳದಿ, ಮೂಗು ಕೆನ್ನೆ ಕಿವಿಗಳಲ್ಲಿ ತುಸು ಕೆಂಪು, ಗಡ್ಡದ ಭಾಗದಲ್ಲಿ ತುಸು ತಣ್ಣನೆ ಬೂದು. ನೋಡಿದರೆ ಗೊತ್ತಾಗಬಾರದು, ತೆಗೆದರೆ ಕೊರತೆ ಅನಿಸಬೇಕು, ಅಷ್ಟು ಮಾತ್ರ.

ಕಣ್ಣಿಗೆ ಬರೋಣ. ಕಣ್ಣಿನ ಬಿಳಿ ಬಿಳಿಯಾಗಿರುವುದಿಲ್ಲ. ಅದೊಂದು ಗೋಲಿ, ಗೂಡಿನೊಳಗೆ ಕೂತಿದೆ. ಮೊದಲು ತಿಳಿಬೂದು ಹಾಕಿ. ಮೇಲಿನ ರೆಪ್ಪೆಯ ನೆರಳನ್ನು ಬಿಳಿಯ ಮೇಲೂ ಪಾಪೆಯ ಮೇಲೂ ಅಡ್ಡಲಾಗಿ ಬೀಳಿಸಿ. ಈ ಒಂದು ನೆರಳು ಇಲ್ಲದಿದ್ದರೆ ಕಣ್ಣು ಬೆಚ್ಚಿಬಿದ್ದಂತೆ ಕಾಣುತ್ತದೆ. ಮಿಂಚಿನ ಚುಕ್ಕೆಯನ್ನು ದೊಂದಿಯ ಕಡೆಗೆ, ಪಾಪೆಯ ಮೇಲ್ಭಾಗದಲ್ಲಿ ಇಡಿ. ಬೆಳಕು ಒಂದಾದರೆ ಚುಕ್ಕೆಯೂ ಒಂದೇ. ಅದರ ಎದುರು ಬದಿಯಲ್ಲಿ ಪಾಪೆಯ ಕೆಳಭಾಗ ಸ್ವಲ್ಪ ತಿಳಿಯಾಗುತ್ತದೆ, ಒಳಹೊಕ್ಕ ಬೆಳಕು ಅಲ್ಲಿ ಹೊರಬರುತ್ತದೆ. ಕೆಳ ರೆಪ್ಪೆಯ ಒಳ ಅಂಚಿಗೆ ಕೂದಲೆಳೆಯಷ್ಟು ತಿಳಿ ಗೆರೆ ಎಳೆದರೆ ಕಣ್ಣು ಒದ್ದೆಯಾಗುತ್ತದೆ. ಕಾಡಿಗೆಯ ಗೆರೆಗೆ ಅಚ್ಚ ಕಪ್ಪು ಹಾಕದೆ ಗಾಢ ಕಂದು ಹಾಕಿ. ಅಚ್ಚ ಕಪ್ಪು ಕಣ್ಣಿನ ನಡುವಿನ ಬೊಟ್ಟಿಗೆ ಮಾತ್ರ. ಹಾಗೆ ಮಾಡಿದರೆ ಇಡೀ ಚಿತ್ರದ ಅತಿ ಗಾಢ ಬಿಂದು ಮತ್ತು ಅತಿ ತಿಳಿ ಬಿಂದು ಎರಡೂ ಕಣ್ಣಿನೊಳಗೇ ಸೇರುತ್ತವೆ. ನೋಡುವವರ ನೋಟ ಬೇರೆಲ್ಲಿಗೂ ಹೋಗಲಾರದು.

ಹಣೆಯ ನಾಮ, ಕೆನ್ನೆಯ ಚುಕ್ಕೆ ಮುಂತಾದ ಮುಖವರ್ಣಿಕೆಯನ್ನು ನೆರಳಿನ ಪದರದ ಕೆಳಗೆ ಬರೆಯಿರಿ. ಹಣೆ ತಿರುಗಿದ ಕಡೆ ನಾಮವೂ ತಿರುಗಬೇಕು.

ಗೆರೆಗೂ ಬಣ್ಣ ಬೇಕು

ಗೆರೆಚಿತ್ರವನ್ನು ಉಳಿಸಿಕೊಳ್ಳುವ ಶೈಲಿಯವರು ಕಪ್ಪು ಗೆರೆಯನ್ನೇ ಎಲ್ಲೆಡೆ ಬಿಡಬೇಡಿ. ಗೆರೆಯ ಪದರದ ಪಾರದರ್ಶಕತೆಗೆ ಬೀಗ ಹಾಕಿ (ಆಲ್ಫಾ ಲಾಕ್), ಮೈಯ ಸುತ್ತ ಗಾಢ ಕೆಂಗಂದು, ಆಭರಣದ ಸುತ್ತ ಕಂದು, ಹಸಿರು ಬಟ್ಟೆಯ ಸುತ್ತ ಗಾಢ ಹಸಿರು ಬಳಿಯಿರಿ. ನೆರಳಿನ ಕಡೆ ಗೆರೆ ದಪ್ಪ, ಬೆಳಕಿನ ಕಡೆ ತೆಳು. ತೀರ ಬೆಳಕು ಬಿದ್ದ ಕಡೆ ಗೆರೆ ಕಡಿದುಹೋದರೂ ಚೆಂದವೇ.

ಅಚ್ಚಿಗೆ ಕಳುಹಿಸುವ ಮುನ್ನ

ಕೊನೆಯಲ್ಲಿ ಇಡೀ ಚಿತ್ರದ ಮೇಲೆ ಒಂದು ಪದರ, ಬೆಳಕಿನ ಬಣ್ಣದ್ದು, ತೀರ ತೆಳುವಾಗಿ. ದೊಂದಿಯ ಕೇಸರಿಯನ್ನು 'ಓವರ್‌ಲೇ' ವಿಧಾನದಲ್ಲಿ ಶೇ 10ರ ಆಸುಪಾಸಿನಲ್ಲಿ ಇಟ್ಟರೆ ಬೇರೆ ಬೇರೆ ದಿನ ಬಳಿದ ಬಣ್ಣಗಳು ಒಂದೇ ಕುಟುಂಬದವಾಗುತ್ತವೆ. ಹೊಳಪು ಉಕ್ಕಿಸುವ 'ಕಲರ್ ಡಾಡ್ಜ್' ವಿಧಾನವನ್ನು ಉಪ್ಪಿನಂತೆ ಬಳಸಿ. ದೊಂದಿಯ ಉರಿ, ಒಂದೆರಡು ಕನ್ನಡಿ ಚೂರು, ಅಷ್ಟಕ್ಕೆ ಸಾಕು.

ನನ್ನ ಮೊದಲ ಮುಖಪುಟವೊಂದು ಅಚ್ಚಾಗಿ ಬಂದಾಗ ನೆರಳುಗಳೆಲ್ಲ ಮಸಿಯಾಗಿದ್ದವು, ಕೇಸರಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಪರದೆಯ ಹೊಳಪನ್ನು ಪೂರ್ತಿ ಏರಿಸಿಕೊಂಡು ಕತ್ತಲ ಕೋಣೆಯಲ್ಲಿ ಕೆಲಸ ಮಾಡಿದ್ದು ನೆರಳು ಮಸಿಯಾಗಲು ಕಾರಣ. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಅಚ್ಚು ನಾಲ್ಕು ಮಸಿಗಳಿಂದ ಮಾಡುತ್ತದೆ. ಉಜ್ವಲ ಕೇಸರಿ, ಗಾಢ ನೀಲಿ, ಗಿಳಿಹಸಿರು ಪರದೆಯಲ್ಲಿ ಕಂಡಂತೆ ಕಾಗದಕ್ಕೆ ಇಳಿಯುವುದಿಲ್ಲ. ಕ್ರಿಟಾದಲ್ಲಿ ಕಂಟ್ರೋಲ್ ಮತ್ತು ವೈ ಒತ್ತಿದರೆ ಅಚ್ಚಿನಲ್ಲಿ ಹೇಗೆ ಕಂಡೀತು ಎಂಬ ಅಂದಾಜು ನೋಟ ಸಿಗುತ್ತದೆ. ಮುದ್ರಣಾಲಯದವರಿಂದ ಅವರ ಬಣ್ಣದ ಪ್ರೊಫೈಲ್ ಕೇಳಿ ಪಡೆದು ಹಾಕಿಕೊಂಡರೆ ಅಂದಾಜು ಇನ್ನಷ್ಟು ಹತ್ತಿರ. ಪರದೆಯ ಹೊಳಪನ್ನು ಪಕ್ಕದಲ್ಲಿಟ್ಟ ಬಿಳಿ ಕಾಗದದಷ್ಟಕ್ಕೆ ಇಳಿಸಿ, ಒಂದು ಪ್ರತಿಯನ್ನು ಹತ್ತಿರದ ಅಂಗಡಿಯಲ್ಲಿ ಬಣ್ಣದ ಪ್ರಿಂಟ್ ತೆಗೆಸಿ ಹಗಲು ಬೆಳಕಿನಲ್ಲಿ ನೋಡಿ.

ಸಾಕು ಎನ್ನುವ ಮೊದಲು ಕೇಳಿಕೊಳ್ಳಿ

- ಅಂಚೆಚೀಟಿಯ ಗಾತ್ರದಲ್ಲಿ ಭಂಗಿ ತಿಳಿಯುತ್ತದೆಯೇ?
- ಕನ್ನಡಿಯಲ್ಲಿ ತಿರುಗಿಸಿದಾಗ ಕಣ್ಣು, ಭುಜ, ಕಿರೀಟ ನೆಟ್ಟಗಿವೆಯೇ?
- ಬೂದುಛಾಯೆಯಲ್ಲಿ ಮುಖ ಬೇರೆಯಾಗಿ ನಿಲ್ಲುತ್ತದೆಯೇ?
- ಬೆಳಕಿನ ದಿಕ್ಕನ್ನು ಮಗುವೂ ಬೆರಳಿಟ್ಟು ತೋರಿಸಬಲ್ಲದೇ?
- ಒಂದಾದರೂ ಅಂಚು ಕತ್ತಲಲ್ಲಿ ಕಳೆದುಹೋಗಿದೆಯೇ?
- ಅತಿ ಗಾಢ ಮತ್ತು ಅತಿ ತಿಳಿ ಬಿಂದುಗಳು ಎಲ್ಲಿ ಹತ್ತಿರವಾಗಿವೆ?

ಇವತ್ತು ರಾತ್ರಿಯೇ ಮಾಡಿ ನೋಡಬಹುದಾದ ಒಂದು ಅಭ್ಯಾಸವಿದೆ. ನಿಮ್ಮ ಹಳೆಯ ಪಾತ್ರಚಿತ್ರವೊಂದನ್ನು ತೆರೆದು ಹೊಸ ಹೆಸರಿನಲ್ಲಿ ಉಳಿಸಿ. ಒಂದು ಗಂಟೆ ಗಡುವು ಹಾಕಿಕೊಳ್ಳಿ. ಆ ಒಂದು ಗಂಟೆಯಲ್ಲಿ ಹೊಸ ವಿವರ ಏನನ್ನೂ ಸೇರಿಸಕೂಡದು. ಕೆಳಗಿಳಿಸುವುದು, ಕರಗಿಸುವುದು, ನೆರಳಿಗೆ ತಳ್ಳುವುದು ಇಷ್ಟೇ. ಗಡುವು ಮುಗಿದ ಮೇಲೆ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು, ಚಿತ್ರಕಲೆಯ ಗಂಧವಿಲ್ಲದ ಮನೆಯವರನ್ನು ಕರೆದು ಒಂದೇ ಮಾತು ಕೇಳಿ: 'ಮೊದಲು ಏನು ಕಾಣಿಸಿತು?' ಅವರು 'ಮುಖ' ಎಂದರೆ ಕುಂಚ ಕೆಳಗಿಡಿ. 'ಕಿರೀಟ' ಎಂದರೆ ಎಲ್ಲಿಂದ ಶುರು ಮಾಡಬೇಕೆಂದು ನಿಮಗೀಗ ಗೊತ್ತಿದೆ.